ಕೀಲು ತಪ್ಪಿದರೆ ಅಂತ ಕೇಳಿದ್ದೀಯಲ್ಲ

ಚಿ. ವೀಣಾಗೆ ದೊಡ್ಡಪ್ಪನ ಆಶೀರ್ವಾದಗಳು.

ಪತ್ರ ತಲುಪಿತು. ಎಕ್ಸ್‌ರೇ, ರಜೆ, ಸೊಂಟದ ಕೀಲು ಬದಲಿಸುವ ಸರ್ಜರಿಯ ತಾರೀಕು ಎಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿಯಾಗಿದೆ, ಅದನ್ನು ಬಿಡು. ಕೊನೆಗೆ ಒಂದು ಸಾಲು ಬರೆದಿದ್ದೀಯಲ್ಲ, ‘ಹಾಕಿದ ಹೊಸ ಕೀಲು ನನ್ನ ಸ್ನಾಯುಗಳ ಎಳೆತಕ್ಕೇ ತಪ್ಪಿಹೋದರೆ?’ ಅಂತ, ಅದು ತಲೆಯಿಂದ ಹೋಗುತ್ತಿಲ್ಲ.

‘ಹಾಗೇನೂ ಆಗಲ್ಲ, ಧೈರ್ಯವಾಗಿರು’ ಎಂದು ಬರೆಯಲು ಕೂತೆ. ಮನಸ್ಸು ಒಪ್ಪಲಿಲ್ಲ. ಆಗಬಹುದು, ವೀಣಾ. ನಿನ್ನಂತೆ ಸೆರೆಬ್ರಲ್ ಪಾಲ್ಸಿ ಇರುವವರಿಗೆ, ನನ್ನಂತೆ ಪೋಲಿಯೊ ಆದವರಿಗೆ, ಪಾರ್ಕಿನ್ಸನ್ಸ್ ಇರುವವರಿಗೆ ಆ ಅಪಾಯ ಉಳಿದವರಿಗಿಂತ ಜಾಸ್ತಿಯೇ. ಮಿದುಳಿನ ತೊಂದರೆಯಿಂದ ನಿನ್ನ ಸ್ನಾಯು ಬಿಗಿ, ಪೋಲಿಯೊದಿಂದ ನನ್ನದು ಸಡಿಲ. ನಿನ್ನ ತೊಡೆಯ ಸ್ನಾಯುಗಳು ಕಾಲನ್ನು ಮಡಿಸಿ ಒಳಕ್ಕೆ ಎಳೆಯುತ್ತವೆ. ತೊಡೆಮೂಳೆಯ ತುದಿಯ ಗುಂಡು ಸೊಂಟದ ಬಟ್ಟಲಿನಿಂದ ಹಿಂದಕ್ಕೆ ಜಾರುವುದು ಕಾಲು ಹಾಗಿದ್ದಾಗಲೇ. ನನಗೋ, ಗುಂಡನ್ನು ಬಟ್ಟಲಿನೊಳಗೆ ಒತ್ತಿ ಹಿಡಿಯುವಷ್ಟು ಸ್ನಾಯುವೇ ಉಳಿದಿರಲಿಲ್ಲ.

ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ವಿಷಯ ಹೇಳುತ್ತೇನೆ. ನನಗೆ ಹಾಕಿದ ಹೊಸ ಕೀಲೂ ಒಮ್ಮೆ ತಪ್ಪಿತ್ತು. ಸರ್ಜರಿ ಆಗಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ತಗ್ಗಿನ ಕುರ್ಚಿಯಲ್ಲಿ ಕೂತವನು ಬಿದ್ದ ಪೆನ್ನು ಎತ್ತಿಕೊಳ್ಳಲು ಬಗ್ಗಿದೆ. ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿಕೊಂಡಿತು. ಆ ನೋವು ಬೇಡಪ್ಪ. ಆಸ್ಪತ್ರೆಯಲ್ಲಿ ಮಂಪರಿನ ಔಷಧಿ ಕೊಟ್ಟು, ಕಾಲು ಎಳೆದು ಮತ್ತೆ ಕೂರಿಸಿದರು. ಕೊಯ್ಯಲಿಲ್ಲ. ಹೆಚ್ಚಿನವರಿಗೆ ಹಾಗೆಯೇ ಕೂರಿಸುತ್ತಾರಂತೆ. ಪದೇ ಪದೇ ತಪ್ಪಿದರೆ ಇನ್ನೊಂದು ಸರ್ಜರಿ. ‘ಜ್ವರ ಬಂದು ಅಡ್ಮಿಟ್ ಆಗಿದ್ದಾರೆ’ ಅಂತ ದೊಡ್ಡಮ್ಮ ಎಲ್ಲರಿಗೂ ಹೇಳಿದಳು. ಹೇಳಿಸಿದ್ದು ನಾನೇ.

ಆಮೇಲೆ ಮಗ್ಗುಲು ಬದಲಿಸಲೂ ಹೆದರಿಕೆ. ಎಲ್ಲಿ ಲಟಕ್ ಅಂದೀತೋ ಅಂತ. ಆ ಭಯ ಪೂರ್ತಿ ಹೋಯಿತು ಅಂತ ಈಗಲೂ ಹೇಳಲಾರೆ, ಕಡಿಮೆಯಾಯಿತು ಅಷ್ಟೆ.

ಹಾಗಾದರೆ ಯಾಕೆ ಮಾಡಿಸಿಕೊಂಡಿರಿ ಅಂತೀಯ. ಅದಕ್ಕೆ ಮುಂಚಿನ ವರ್ಷಗಳನ್ನು ನೀನು ನೋಡಿಲ್ಲ, ಚಿಕ್ಕವಳು. ನನಗೆ ಪೋಲಿಯೊ ಬಂದಾಗ ಲಸಿಕೆ ನಮ್ಮ ತನಕ ಬಂದಿರಲಿಲ್ಲ. ಆ ಕಾಲಿನಲ್ಲೇ ಓದಿದೆ, ಕೆಲಸ ಮಾಡಿದೆ. ಕೀಲು ಸವೆದ ಮೇಲೆ ಮಾತ್ರ ಸೋತೆ. ಸಂಜೆ ವಾಕಿಂಗಿಗೆ ಕರೆಯಲು ಬರುತ್ತಿದ್ದ ಗೆಳೆಯನೊಬ್ಬನಿದ್ದ. ನೋವು ಅನ್ನದೆ ಏನೇನೋ ನೆಪ ಹೇಳಿ ಕಳಿಸುತ್ತಿದ್ದೆ. ಕ್ರಮೇಣ ಬರುವುದನ್ನೇ ಬಿಟ್ಟ. ನಾನು ಹೊರಗೆ ಕಾಲಿಡುವ ಹೊತ್ತಿಗೆ ಅವನು ತೀರಿಕೊಂಡಿದ್ದ. ಕೀಲು ತಪ್ಪಿದ್ದು ನನಗೆ ಅಷ್ಟು ಚುಚ್ಚುವುದಿಲ್ಲ, ಇದು ಚುಚ್ಚುತ್ತದೆ. ಇದನ್ನೆಲ್ಲ ನಿನಗೆ ಯಾಕೆ ಬರೆಯುತ್ತಿದ್ದೇನೋ.

ಕೀಲಿನ ಮಾತಿಗೆ ಬರುತ್ತೇನೆ. ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ 1960ರ ದಶಕದಲ್ಲಿ ಹಾಕುತ್ತಿದ್ದ ಗುಂಡು ಸುಮಾರು 22 ಮಿಲಿಮೀಟರ್. ಈಗ 32, 36 ಸಾಮಾನ್ಯ. ಗುಂಡು ದೊಡ್ಡದಾದಷ್ಟೂ ಬಟ್ಟಲಿನಿಂದ ಹೊರಬರಲು ಅದು ಹೆಚ್ಚು ದೂರ ಸರಿಯಬೇಕು. 1970ರ ದಶಕದಲ್ಲಿ ಫ್ರಾನ್ಸಿನ ಜಿಲ್ ಬುಸ್ಕೆ ಇನ್ನೊಂದು ದಾರಿ ಹುಡುಕಿದರು. ಚಿಕ್ಕ ಗುಂಡು ಒಂದು ದೊಡ್ಡ ಪ್ಲಾಸ್ಟಿಕ್ ಗುಂಡಿನೊಳಗೆ ತಿರುಗುತ್ತದೆ, ಆ ದೊಡ್ಡದು ಲೋಹದ ಬಟ್ಟಲಿನಲ್ಲಿ ತಿರುಗುತ್ತದೆ. ಡ್ಯುಯಲ್ ಮೊಬಿಲಿಟಿ ಅಂತಾರೆ. ನಮ್ಮಂಥವರಿಗೆ ಈಗ ಇದನ್ನೇ ಹಾಕುವ ಡಾಕ್ಟರುಗಳು ಬಹಳ ಜನ ಇದ್ದಾರೆ, ತಪ್ಪುವುದು ಕಡಿಮೆ ಅಂತ. ನನ್ನ ಸರ್ಜರಿ ಹೊತ್ತಿಗೆ ಯಾರೂ ಇದರ ಮಾತೆತ್ತಲಿಲ್ಲ. ನಿನಗೆ ಯಾವುದು ಅಂತ ಕೇಳಿದೆಯಾ? ಒಳತೊಡೆಯ ಬಿಗಿ ಸ್ನಾಯುವನ್ನು ಅದೇ ಸರ್ಜರಿಯಲ್ಲಿ ಸಡಿಲ ಮಾಡುವುದೂ ಇದೆ, ಬೊಟಾಕ್ಸ್ ಇಂಜೆಕ್ಷನ್ ಕೊಡುವುದೂ ಇದೆ. ನಿನಗೆ ಬೇಕೋ ಬೇಡವೋ ಅವರೇ ಹೇಳಬೇಕು. ನಾನು ಡಾಕ್ಟರಲ್ಲ, ಸುಮ್ನೆ ಕಿವಿಗೆ ಹಾಕಿದೆ.

ಸ್ನಾಯುಗಳ ಬಿಗಿ ತಗ್ಗಿಸುವ ಬ್ಯಾಕ್ಲೊಫೆನ್ ತಗೊಳ್ತೀಯಲ್ವಾ? ಅದನ್ನು ಥಟ್ಟನೆ ನಿಲ್ಲಿಸಬಾರದು. ಅರಿವಳಿಕೆ ಡಾಕ್ಟರಿಗೂ ಮರೆಯದೆ ಹೇಳು. ಸರ್ಜರಿ ಆದ ಮೇಲೆ ಸೆಳೆತ ಜಾಸ್ತಿಯಾದರೆ ಹಲ್ಲು ಕಚ್ಚಿ ಸಹಿಸಬೇಡ, ನರ್ಸನ್ನು ಕರೆ. ಆ ಸೆಳೆತವೇ ಕೀಲನ್ನು ಎಳೆಯುವುದು. ಮೊದಲ ಮೂರು ತಿಂಗಳು ತಗ್ಗಿನ ಕುರ್ಚಿ ಬೇಡ, ಕಾಲ ಮೇಲೆ ಕಾಲು ಬೇಡ, ಮಲಗುವಾಗ ಕಾಲುಗಳ ನಡುವೆ ದಿಂಬಿರಲಿ. ಕೀಲು ತಪ್ಪುವುದು ಹೆಚ್ಚಾಗಿ ಆ ಮೊದಲ ತಿಂಗಳುಗಳಲ್ಲೇ. ಫಿಸಿಯೋಥೆರಪಿಯವರು ಇದನ್ನೆಲ್ಲ ನನಗಿಂತ ಚೆನ್ನಾಗಿ ಹೇಳುತ್ತಾರೆ ಬಿಡು.

ಮತ್ತೊಂದು, ನಡಿಗೆ ಹೊಸದಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡ. ನನಗೆ ಊರುಗೋಲು ಹೋಗಲಿಲ್ಲ. ನೋವು ಹೋಯಿತು.

ಡಾಕ್ಟರು ಏನಂದರು ಅಂತ ಬರಿ. ‘ತಪ್ಪಿದರೆ ಏನು ಮಾಡ್ತೀರಿ’ ಅಂತ ಅವರನ್ನೇ ನೇರವಾಗಿ ಕೇಳು, ಸಂಕೋಚ ಬೇಡ. ನನ್ನ ಆ ಜ್ವರದ ಕಥೆಯನ್ನು ನಿನ್ನಮ್ಮನಿಗೆ ಈಗಲೇ ಹೇಳಬೇಡ. ನಾನೇ ಫೋನ್ ಮಾಡಿ ಬೈಸಿಕೊಳ್ಳುತ್ತೇನೆ.

ನಿನ್ನ ದೊಡ್ಡಪ್ಪ