ಕೊಲೆಗಾರನಿಗೆ ಪ್ರತಿ ಸಲವೂ ಮನೋರೋಗವೇ ಏಕೆ?

ಮಾನ್ಯ ಕೇಂದ್ರ ಮಾಹಿತಿ ಮತ್ತು ಪ್ರಸಾರ ಸಚಿವರಿಗೆ,

ನಮಸ್ಕಾರಗಳು.

ಸರಣಿ ಕೊಲೆಗಳ ಸಿನಿಮಾದ ಕೊನೆಯಲ್ಲಿ ಬರುವ ವಿವರಣೆ ಈಗ ಎಲ್ಲರಿಗೂ ಬಾಯಿಪಾಠವಾಗಿದೆ: ಕೊಲೆಗಾರನಿಗೆ ಮಾನಸಿಕ ಕಾಯಿಲೆ ಇತ್ತು. ಅಷ್ಟು ಹೇಳಿಬಿಟ್ಟರೆ ಅವನು ಏಕೆ ಕೊಂದ ಎಂದು ಯೋಚಿಸುವ ಕಷ್ಟ ಕಥೆಗಾರನಿಗೂ ಇಲ್ಲ, ಪ್ರೇಕ್ಷಕನಿಗೂ ಇಲ್ಲ. ಆದರೆ ಅದೇ ಕಾಯಿಲೆಗೆ ದಿನವೂ ಮಾತ್ರೆ ನುಂಗುವವರು ಆ ಚಿತ್ರಮಂದಿರದಲ್ಲಿಯೇ ಕುಳಿತಿರುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ಸುಮಾರು 300ರಿಂದ 350 ಜನರಲ್ಲಿ ಒಬ್ಬರಿಗೆ ಸ್ಕಿಜೋಫ್ರೇನಿಯಾ, ಅಂದರೆ ಭ್ರಮೆಗಳು ಕಾಡುವ, ಇಲ್ಲದ ದನಿಗಳು ಕೇಳಿಸುವ ಮಾನಸಿಕ ಕಾಯಿಲೆ, ಇದೆ. ಇವರಲ್ಲಿ ಬಹುತೇಕರು ಯಾರ ಮೇಲೂ ಕೈ ಮಾಡುವವರಲ್ಲ. ಬದಲಿಗೆ ಅವರೇ ಇತರರ ಹಿಂಸೆಗೆ ಸುಲಭವಾಗಿ ಗುರಿಯಾಗುತ್ತಾರೆ.

ನನ್ನ ತಮ್ಮನಿಗೂ ಈ ಕಾಯಿಲೆ ಇದೆ. ಒಮ್ಮೆ ಅವನು ಊಟ, ಮಾತು ಎರಡನ್ನೂ ಬಿಟ್ಟು, ಕುಳಿತಲ್ಲಿಂದ ಅಲುಗದಂತಾದಾಗ ವೈದ್ಯರು ಮೆದುಳಿಗೆ ಅಲ್ಪ ವಿದ್ಯುತ್ ಹಾಯಿಸುವ ಚಿಕಿತ್ಸೆ, ಅಂದರೆ ಇಸಿಟಿ, ಸೂಚಿಸಿದರು. ಅಮ್ಮ ಸುತರಾಂ ಒಪ್ಪಲಿಲ್ಲ. ಅವರು ಅದುವರೆಗೆ ನೋಡಿದ್ದು ಸಿನಿಮಾದ ಇಸಿಟಿಯನ್ನು ಮಾತ್ರ: ಮಂಚಕ್ಕೆ ಬಿಗಿದ ಕೈಕಾಲು, ಚೀರಾಟ, ಕ್ರೂರ ವೈದ್ಯ. ವಾಸ್ತವದಲ್ಲಿ ಅರಿವಳಿಕೆ ಕೊಟ್ಟು, ಸ್ನಾಯುಗಳನ್ನು ಸಡಿಲಿಸುವ ಔಷಧಿಯನ್ನೂ ನೀಡಿ, ಕೆಲವೇ ನಿಮಿಷಗಳಲ್ಲಿ ಮುಗಿಸುತ್ತಾರೆ. ಮರೆವಿನಂತಹ ಅಡ್ಡಪರಿಣಾಮಗಳಿವೆ, ನಿಜ. ಆದರೆ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧಿ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಂ ನಿಷೇಧಿಸಿದೆ. ಅಂದರೆ ಸಿನಿಮಾಗಳು ಚಿಕಿತ್ಸೆಯೆಂದು ತೋರಿಸುತ್ತಿರುವುದು ನಮ್ಮ ದೇಶದಲ್ಲಿ ಕಾನೂನುಬಾಹಿರ ಕೃತ್ಯ! ವೈದ್ಯರು ವಿವರಿಸಿ ಅಮ್ಮನನ್ನು ಒಪ್ಪಿಸುವಷ್ಟರಲ್ಲಿ ತಮ್ಮ ಮೂಳೆ ಚಕ್ಕಳವಾಗಿದ್ದ. ಆ ವಿಳಂಬಕ್ಕೆ ನಾನು ಅಮ್ಮನನ್ನು ದೂರಲಾರೆ.

ಪ್ರೀತಿ ಸಿಕ್ಕೊಡನೆ ಮಾತ್ರೆಗಳನ್ನು ಎಸೆದು ಗುಣವಾಗುವ ಪಾತ್ರಗಳೂ ಅಷ್ಟೇ ಅಪಾಯಕಾರಿ. ಔಷಧಿಯನ್ನು ತಾವಾಗಿ ನಿಲ್ಲಿಸಿದವರಲ್ಲಿ ಕಾಯಿಲೆ ಮರುಕಳಿಸುವುದನ್ನು ಮನೆಯವರು ಬಲ್ಲರು.

ಚಲನಚಿತ್ರ ಪ್ರಮಾಣೀಕರಣಕ್ಕಾಗಿ ಕೇಂದ್ರ ಸರ್ಕಾರ 1991ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ದೈಹಿಕ, ಮಾನಸಿಕ ಅಂಗವೈಕಲ್ಯ ಉಳ್ಳವರನ್ನು ಹಿಂಸಿಸುವ, ಗೇಲಿ ಮಾಡುವ ದೃಶ್ಯಗಳ ಬಗ್ಗೆ ಎಚ್ಚರಿಕೆಯಿದೆ. ಆದರೆ ರೋಗಿಯನ್ನು ರಾಕ್ಷಸನನ್ನಾಗಿ ಮಾಡಿ ಭಯ ಹುಟ್ಟಿಸುವ ಸುಳ್ಳು ಗೇಲಿಯ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಸಲೀಸಾಗಿ ದಾಟಿಹೋಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ. ಸಿನಿಮಾಗಳಲ್ಲಿ ಅಂಗವಿಕಲರ ಚಿತ್ರಣ ಕುರಿತು 2024ರ ಜುಲೈನಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ವೈದ್ಯಕೀಯ ಸ್ಥಿತಿಯನ್ನು ಆದಷ್ಟು ನಿಖರವಾಗಿ ತೋರಿಸಬೇಕು, ಚಿತ್ರಣ ರೂಪಿಸುವಾಗ ಅಂಗವಿಕಲರನ್ನು ಒಳಗೊಳ್ಳಬೇಕು ಎಂದು ಹೇಳಿದೆ.

ನಾನು ನಿಷೇಧ ಕೇಳುತ್ತಿಲ್ಲ, ಕತ್ತರಿಯನ್ನೂ ಕೇಳುತ್ತಿಲ್ಲ. ಕಾಯಿಲೆಯ ಯಾತನೆಯನ್ನು, ಭ್ರಮೆಯ ಭೀಕರತೆಯನ್ನು ಸಿನಿಮಾ ಖಂಡಿತ ತೋರಿಸಲಿ. ಆದರೆ ತಪ್ಪು ಚಿತ್ರಣದ ಮುಂದೆ ಒಂದು ಸಾಲಿನ ಸೂಚನೆ ಹಾಕಿ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ. ಎರಡೂವರೆ ಗಂಟೆಯ ಭಯವನ್ನು ಆ ಸಾಲು ಅಳಿಸಲಾರದು.

ಪ್ರಮಾಣೀಕರಣ ಮಂಡಳಿಯ ಪ್ರಾದೇಶಿಕ ಸಲಹಾ ಸಮಿತಿಗಳಿಗೆ ಸದಸ್ಯರನ್ನು ನೇಮಿಸುವುದು ನಿಮ್ಮ ಸರ್ಕಾರ. ಪ್ರತಿ ಸಮಿತಿಗೂ ಒಬ್ಬ ಮನೋವೈದ್ಯರನ್ನು, ಜೊತೆಗೆ ಇಂತಹ ಕಾಯಿಲೆಯೊಂದಿಗೆ ಬದುಕುತ್ತಿರುವ ಒಬ್ಬರನ್ನು ನೇಮಿಸಿ. 1991ರ ಮಾರ್ಗಸೂಚಿಗೆ ಸುಪ್ರೀಂ ಕೋರ್ಟಿನ ಮಾತುಗಳನ್ನು ಸೇರಿಸಿ. ಚಿತ್ರಕಥೆಯ ಹಂತದಲ್ಲಿಯೇ ನಿರ್ದೇಶಕರು ತಜ್ಞರ ಸಲಹೆ ಪಡೆಯಲು ಉಚಿತ ವ್ಯವಸ್ಥೆ ಮಾಡಿ. ಮಾನಸಿಕ ಕಾಯಿಲೆಗೆ ಅಂಟಿದ ಕಳಂಕವನ್ನು ತಗ್ಗಿಸುವುದು 2017ರ ಕಾಯ್ದೆಯ 30ನೇ ಕಲಂ ಪ್ರಕಾರ ಸರ್ಕಾರದ ಕರ್ತವ್ಯ.

ಇವುಗಳಲ್ಲಿ ಯಾವುದನ್ನು, ಯಾವಾಗ ಮಾಡುತ್ತೀರಿ ಎಂದು ದಯವಿಟ್ಟು ಲಿಖಿತವಾಗಿ ತಿಳಿಸಿ.

ಇತಿ,
ಸ್ಕಿಜೋಫ್ರೇನಿಯಾ ಇರುವ ಒಬ್ಬರ ಅಕ್ಕ