ಪ್ಲೇಟೊ ಬರೀ ಕನಸುಗಾರನಲ್ಲ

ಸಂಪಾದಕರೇ,

ತತ್ವಜ್ಞಾನಿಯೇ ದೊರೆಯಾಗಬೇಕು ಎಂದ ಪ್ಲೇಟೊನನ್ನು ಹಗಲುಗನಸಿನವನು ಅಂತ ಸುಮ್ನೆ ತಳ್ಳಿಹಾಕುವವರೇ ಜಾಸ್ತಿ. ಆದರೆ ಆತ ಕ್ರಿ.ಪೂ. 367ರಲ್ಲಿ ಸಿಸಿಲಿಯ ಸಿರಾಕ್ಯೂಸ್‌ಗೆ ಹೋಗಿ, ಎರಡನೇ ಡಯೊನೀಸಿಯಸ್ ಎಂಬ ಯುವ ದೊರೆಗೆ ಪಾಠ ಹೇಳಲು ನೋಡಿದ. ಅರಮನೆಯ ಚಾಡಿಮಾತು ಬಿಡಬೇಕಲ್ಲ! ಆತನನ್ನು ಕರೆಸಿದ್ದ ಗೆಳೆಯ ಡಿಯಾನ್ ಕೆಲವೇ ತಿಂಗಳಲ್ಲಿ ಗಡಿಪಾರಾದ. ಪ್ಲೇಟೊ ಮುಪ್ಪಿನಲ್ಲಿ ಬರೆದ ‘ಲಾಸ್’ (ಕಾನೂನುಗಳು) ಎಂಬ ಪುಸ್ತಕದಲ್ಲಿ ದೊರೆಯ ಜಾಗಕ್ಕೆ ಕಾನೂನು ಬಂತು. ಅದರಲ್ಲಿ ಆತ ಕಲ್ಪಿಸಿದ ನಗರದಲ್ಲಿ 5,040 ಮನೆತನಗಳು, ಪ್ರತಿಯೊಂದಕ್ಕೂ ಜಮೀನು, ಅಧಿಕಾರ ಮುಗಿಸಿದವರ ಲೆಕ್ಕ ತಪಾಸಣೆ. 5,040 ಯಾಕೆ ಗೊತ್ತಾ? ಒಂದರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಉಳಿಯಲ್ಲ, ತೆರಿಗೆ, ಸೈನ್ಯ ಹಂಚಲು ಸಲೀಸು. ಇದು ಗುಮಾಸ್ತನ ಬುದ್ಧಿ, ಕನಸುಗಾರನದ್ದಲ್ಲ. ಗುಲಾಮರು ಮಾತ್ರ ಅಲ್ಲೂ ಗುಲಾಮರೇ, ಅದನ್ನೂ ಹೇಳಬೇಕು ಅಲ್ವಾ?

– ಒಬ್ಬ ಓದುಗ, ಮೈಸೂರು