ಕ್ಯಾಶ್ ಪ್ರಾಕ್ಸಿ: ಸ್ಥಾಪಿಸಿದರಷ್ಟೇ ಸಾಲದು

ಮಾನ್ಯ ಸಂಪಾದಕರೇ,

ಉಬುಂಟು ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬಳಸುವ ಕಚೇರಿಗಳಲ್ಲಿ ಪ್ರತಿ ಕಂಪ್ಯೂಟರೂ ಅಪ್‌ಡೇಟ್‌ನ ಅದೇ ಕಡತವನ್ನು ಹೊರಗಿನಿಂದ ಮತ್ತೆ ಮತ್ತೆ ತರಿಸಿಕೊಂಡು ಸಂಪರ್ಕವನ್ನು ನಿಧಾನಗೊಳಿಸುವುದನ್ನು ಸ್ಕ್ವಿಡ್ ಎಂಬ ಮುಕ್ತ ತಂತ್ರಾಂಶ ತಪ್ಪಿಸಬಲ್ಲದು. ಇದು ಕ್ಯಾಶ್ ಪ್ರಾಕ್ಸಿ, ಅಂದರೆ ಒಮ್ಮೆ ತಂದ ಕಡತದ ಪ್ರತಿಯನ್ನು ಉಳಿಸಿಕೊಂಡು (ಕ್ಯಾಶ್ ಮಾಡಿ) ಉಳಿದ ಕಂಪ್ಯೂಟರುಗಳಿಗೆ ಕೊಡುವ ಮಧ್ಯವರ್ತಿ. ಆದರೆ ಅದನ್ನು ಸ್ಥಾಪಿಸಿ ಹಾಗೆಯೇ ಬಿಟ್ಟರೆ ಪ್ರಯೋಜನ ಅಲ್ಪ. ಮೂಲ ಸಂರಚನೆಯಲ್ಲಿ ಅದು ಕಡತಗಳನ್ನು ಉಳಿಸಿಕೊಳ್ಳಲು 256 ಎಂಬಿ ಮೆಮೊರಿಯನ್ನಷ್ಟೇ ಬಳಸುತ್ತದೆ, ಡಿಸ್ಕ್‌ನಲ್ಲಿ ಏನನ್ನೂ ಉಳಿಸಿಕೊಳ್ಳುವುದಿಲ್ಲ. ಆದ್ದರಿಂದ ಡಿಸ್ಕ್ ಸಂಗ್ರಹವನ್ನು ಸಕ್ರಿಯಗೊಳಿಸಿ, 4 ಎಂಬಿಗೆ ಸೀಮಿತವಾಗಿರುವ ಕಡತದ ಗರಿಷ್ಠ ಗಾತ್ರವನ್ನು ಹೆಚ್ಚಿಸಲೇಬೇಕು. ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಸಂಪರ್ಕದ ಪುಟಗಳು ಗೂಢಲಿಪಿಯಲ್ಲಿ ಸಾಗುವುದರಿಂದ ಸಾಮಾನ್ಯವಾಗಿ ಕ್ಯಾಶ್ ಆಗುವುದಿಲ್ಲ. ಅವನ್ನು ನಡುವೆ ಬಿಡಿಸಿ ನೋಡುವ ಏರ್ಪಾಡು ನೌಕರರ ಬ್ಯಾಂಕ್ ವ್ಯವಹಾರದ ಗೋಪ್ಯತೆಗೇ ಧಕ್ಕೆ ತರುವ ಕಾರಣ ಅದು ಬೇಡವೇ ಬೇಡ. ಸ್ಕ್ವಿಡ್ ಸಂಪರ್ಕಗಳನ್ನು ಸ್ವೀಕರಿಸುವ 3128ನೇ ಪೋರ್ಟ್ (ಜಾಲದ್ವಾರ) ಕಚೇರಿಯೊಳಗಿನ ಐಪಿ ವಿಳಾಸಗಳಿಗೆ ಮಾತ್ರ ತೆರೆದಿರಲಿ. ರಾಜ್ಯದ ಇ-ಆಡಳಿತ ಇಲಾಖೆಯು ಈ ಬಗ್ಗೆ ಕನ್ನಡದಲ್ಲಿ ಕೈಪಿಡಿ ಹೊರತರಬೇಕೆಂದು ಕೋರುತ್ತೇನೆ.

– ಕಚೇರಿಯೊಂದರ ಜಾಲ ನಿರ್ವಾಹಕ